ಕಸೂತಿಯವಳ ಪೆನ್‌ಡ್ರೈವ್

ಚಳಿಗಾಲ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಎರಡು ಗಂಟೆ. ಕಂಪ್ಯೂಟರ್ ರಿಪೇರಿಯವನು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಮೇಲಿನ ಮಹಡಿಯ ಕಸೂತಿಯವಳು ಏದುಸಿರು ಬಿಡುತ್ತ ಬಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು.

"ಓಪನ್ನೇ ಆಗ್ತಿಲ್ಲ. ಮೂರು ವರ್ಷದ ಡಿಸೈನು ಎಲ್ಲಾ ಇದರಲ್ಲೇ ಇದೆ. ನಾಲ್ಕು ಗಂಟೆಗೆ ಬಟ್ಟೆ ಮಿಲ್ಲಿನವರು ನೋಡೋಕೆ ಬರ್ತಾರೆ."

ಮಿಲ್ಲಿನವರು ಒಪ್ಪಿದರೆ ಅವಳು ಸೋಮವಾರವೇ ದೂರದ ಪಟ್ಟಣಕ್ಕೆ ಕೆಲಸಕ್ಕೆ ಹೋಗುವವಳು. ಅದು ಅವನಿಗೂ ಗೊತ್ತಿತ್ತು. ಎರಡು ವರ್ಷದಿಂದ ಅವಳು ಮೆಟ್ಟಿಲಿಳಿಯುವ ಸದ್ದಿಗೆ ಅವನ ಕೈಯ ಸ್ಕ್ರೂಡ್ರೈವರ್ ತಾನಾಗಿ ನಿಲ್ಲುತ್ತಿತ್ತು. ಬಾಯಿ ಮಾತ್ರ ಒಂದು ದಿನವೂ ತೆರೆದಿರಲಿಲ್ಲ.

"ಏನು ಮಾಡಿದ್ರಿ?"

"ಕಸೂತಿ ಮಷೀನು ಇದನ್ನ ಇನ್ನೂ ಓದ್ತಾ ಇತ್ತು. ಅವಸರದಲ್ಲಿ ದಾರ ಕಿತ್ತ ಹಾಗೆ ಕಿತ್ಬಿಟ್ಟೆ."

"ದಾರ ಆಗಿದ್ರೆ ಗಂಟಾದ್ರೂ ಹಾಕ್ಬಹುದಿತ್ತು," ಎಂದಳು ಬಾಗಿಲ ಬಳಿ ಜೆರಾಕ್ಸ್ ತೆಗೆಯುತ್ತಿದ್ದ ಅವನ ಅಕ್ಕ.

ಅವನು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದೊಡನೆ ಪರದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಕಸೂತಿಯವಳ ಬೆರಳು ಮೌಸಿನತ್ತ ಹೋಯಿತು. ಅವನು ಗಬಕ್ಕನೆ ಮಣಿಕಟ್ಟು ಹಿಡಿದ.

"ಹೂಂ ಅಂದ್ರೆ ಎಲ್ಲಾ ಅಳಿಸಿಹೋಗುತ್ತೆ."

ಹಿಡಿದ ಕೈ ಬಿಡಲು ಅವನಿಗೆ ತುಸು ಹೊತ್ತು ಬೇಕಾಯಿತು. ಅವಳೂ ಎಳೆದುಕೊಳ್ಳಲಿಲ್ಲ.

ಕೆಟ್ಟದ್ದನ್ನು ನೇರವಾಗಿ ಮುಟ್ಟದಿರುವುದು ಅವನ ಪದ್ಧತಿ. ಮೊದಲು ಅದರ ನಕಲು, ರಿಪೇರಿ ಏನಿದ್ದರೂ ನಕಲಿನ ಮೇಲೆ. ನಕಲು ಆಮೆಯ ಹಾಗೆ ತೆವಳುತ್ತಿರುವಾಗಲೇ ಮೂರು ಗಂಟೆ ದಾಟಿತು. ಆಗ ಅವನ ತಲೆಗೊಂದು ಕೆಟ್ಟ ಯೋಚನೆ ಹೊಕ್ಕಿತು. ಸತ್ತುಹೋಗಿದೆ ಎಂದುಬಿಟ್ಟರೆ ಮುಗಿಯಿತು. ಅವಳು ನಂಬುತ್ತಾಳೆ. ಇಲ್ಲೇ ಉಳಿಯುತ್ತಾಳೆ.

"ಮುಖ ಯಾಕೆ ಹಾಗಾಯ್ತು? ಹೋಯ್ತಾ?"

ಅವನು ನಕಲನ್ನು ಸರಿಪಡಿಸಲು ಕೂತ. ಮೂರೂ ಮುಕ್ಕಾಲಿಗೆ ಫೋಲ್ಡರ್ ತೆರೆಯಿತು. ಹೂ, ಬಳ್ಳಿ, ಹಕ್ಕಿ ಸಾಲಾಗಿ ಬಂದವು. ಅವಳು ಪರದೆಯತ್ತ ಬಾಗಿ ಒಂದೊಂದನ್ನೇ ಎಣಿಸಿದಳು.

"ಸತ್ತಿದೆ ಅಂತ ಹೇಳೋಣ ಅಂದ್ಕೊಂಡಿದ್ದೆ," ಎಂದ ಅವನು, ಡಿಸೈನುಗಳನ್ನು ತುಂಬಿದ ಹೊಸ ಪೆನ್‌ಡ್ರೈವ್ ಕೊಡುತ್ತ, ಅವಳತ್ತ ನೋಡದೆ. "ನೀವು ಹೋಗ್ಬಾರ್ದು ಅಂತ."

ಜೆರಾಕ್ಸ್ ಯಂತ್ರದ ಸದ್ದೂ ನಿಂತಿತು.

"ಮತ್ಯಾಕೆ ಹೇಳ್ಲಿಲ್ಲ?"

"ಮೇಲೆ ನಿಮ್ಮ ಮಷೀನು ಓಡೋದನ್ನ ದಿನಾ ಕೇಳಿದವನು ನಾನು. ಸುಳ್ಳು ಹೇಳೋಕೆ ಆಗ್ಲಿಲ್ಲ."

ಅವಳು ಅವನನ್ನೇ ನೋಡಿದಳು, ಬಿರುಸಾಗಿ. ಆಮೇಲೆ ಆ ನೋಟ ಮೆತ್ತಗಾಯಿತು.

"ಇಷ್ಟು ಹೇಳೋಕೆ ಎರಡು ವರ್ಷ ತಗೊಂಡ್ರಿ. ಆ ಪಟ್ಟಣದಲ್ಲೂ ಕಂಪ್ಯೂಟರ್ ಕೆಡ್ತಾವೆ, ಗೊತ್ತಾ?"

"ಕೆಡ್ತಾವೆ, ಕೆಡ್ತಾವೆ," ಎಂದಳು ಅಕ್ಕ. "ಅಂಗಡಿ ನಾನು ನೋಡ್ಕೋತೀನಿ."

ಮಿಲ್ಲಿನವರು ಒಪ್ಪಿದರು. ಸೋಮವಾರ ಬೆಳಗ್ಗೆ ಕಸೂತಿಯವಳು ಹೊರಟಳು. ಅವನು ಒಪ್ಪಿಕೊಂಡಿದ್ದ ರಿಪೇರಿಗಳನ್ನೆಲ್ಲ ಮುಗಿಸಿ ಅದೇ ಪಟ್ಟಣಕ್ಕೆ ಹೊರಟದ್ದು ಅದೇ ವಾರದ ಶುಕ್ರವಾರ.