ಒಂದನೇ ಗ್ರೇಡಿನ ಪೆಟ್ಟಿಗೇಲಿ ಚಿಳ್ಳೆಪಿಳ್ಳೆ

ಪೆಟ್ಟಿಗೆ ಮುಚ್ಚಳ ಎತ್ತಿದ ಯಜಮಾನ್ರ ಕೈ ಅಲ್ಲೇ ನಿಂತುಹೋಯ್ತು.

ಮೇಲೆ ‘ಒಂದನೇ ಗ್ರೇಡು’ ಅಂತ ಸೀಲು. ಒಳಗೆ ದಪ್ಪ ಕಿತ್ತಳೆಗಳ ಸಂದೀಲಿ ನಿಂಬೆಹಣ್ಣಿನ ಗಾತ್ರದ ಚಿಳ್ಳೆಪಿಳ್ಳೆಗಳು! ಇನ್ನೊಂದು ಬಿಚ್ಚಿದ್ರು. ಅದೇ ಕಥೆ. ಬೆಳಿಗ್ಗೆ ಹೋದ ಲೋಡು ಪೂರ್ತಿ ಅಂಗಡಿಯಿಂದ ವಾಪಸ್ ಬಂದಿತ್ತು.

“ಯಾರ ಕೆಲಸ ಇದು?”

“ಇನ್ಯಾರದ್ದು ಮಾವ?” ಅಂದ ಅಳಿಯ. ಹಣ್ಣಿನ ಶೆಡ್ಡಿನ ಸೂಪರ್‌ವೈಸರ್ ಅವನೇ. ಬುಟ್ಟಿ ಹಿಡಿದು ನಿಂತಿದ್ದ ಚಿಕ್ಕಮ್ಮನ ಕಡೆ ಬೆರಳು ತೋರಿಸಿದ. “ಮೇಜಿಗೆ ಹಣ್ಣು ಸುರಿಯೋರು ಇವರು. ಕಣ್ಣು ಮಂಜಾಗಿದೆ, ಕಳಿಸಿಬಿಡಿ.”

ಚಿಕ್ಕಮ್ಮನ ಮುಖ ಸುಣ್ಣ ಬಳಿದಂಗಾಯ್ತು. ಮನೆ ನಡೀತಿದ್ದದ್ದೇ ಆ ಕೆಲಸದಿಂದ.

ಅವಳ ಅಕ್ಕನ ಮಗಳು ಮಧ್ಯಾಹ್ನದ ಪಾಳಿಗೆ ಆಗಷ್ಟೇ ಕಾಲಿಟ್ಟಿದ್ದಳು. ಪೆಟ್ಟಿಗೆಗೆ ಸ್ಟಿಕ್ಕರ್ ಅಂಟಿಸೋ ಹುಡುಗಿ. ಬಾಯಿ ಬಿಟ್ಟರೆ ಸಿನಿಮಾ, ಅದಕ್ಕೇ ಎಲ್ಲರಿಗೂ ಅವಳು ‘ಡೈಲಾಗ್’.

“ಯಜಮಾನ್ರೇ, ತೀರ್ಪಿಗೆ ಮುಂಚೆ ಇಂಟರ್ವಲ್ ಇರುತ್ತೆ. ಹತ್ತು ನಿಮಿಷ ಕೊಡಿ!”

“ಹತ್ತೇ ನಿಮಿಷ.”

ಡೈಲಾಗ್ ಹಣ್ಣು ವಿಂಗಡಿಸೋ ಮೇಜಿನ ಸುತ್ತ ಒಂದು ರೌಂಡು ಹೊಡೆದಳು. ಇಳಿಜಾರು ಮೇಜು. ಎತ್ತರದ ತುದೀಲಿ ಬುಟ್ಟಿ ಸುರಿದ್ರೆ ಹಣ್ಣು ಉರುಳುತ್ತೆ. ಸಣ್ಣವು ನಡುವಿನ ತೂತುಗಳಲ್ಲಿ ಬೀಳ್ತವೆ, ಅದು ಎರಡನೇ ಗ್ರೇಡು. ದಪ್ಪನವು ದಾಟಿಹೋಗಿ ಸೀದಾ ಪೆಟ್ಟಿಗೆಗೆ.

“ಡ್ರೈವರಣ್ಣ, ದಾರೀಲಿ ಹಣ್ಣು ಬದಲಾಯಿಸಿದ್ಯಾ?”

“ಬದಲಾಯಿಸೋಕೆ ನನ್ನ ಲಾರೀಲಿ ತೋಟ ಇದೆಯಾ? ಮೇಲೆ ಕಾಗದ ಹಾಸಿ ಮೊಳೆ ಹೊಡೆದೆ, ಓಡಿಸಿದೆ. ಮೊಳೆ ಒಂದೂ ಅಲ್ಲಾಡಿರಲಿಲ್ಲ!”

“ಚಿಕ್ಕಮ್ಮ, ನೀನು ಹೇಳು.”

“ಏನ್ ಹೇಳ್ಲಿ ಮಗಳೇ? ಬೆಳಿಗ್ಗೆಯಿಂದ ಬುಟ್ಟಿ ಎತ್ತಿ ಎತ್ತಿ ಭುಜ ಬಿದ್ದುಹೋಗಿದೆ. ಯಾವತ್ತೂ ಹಿಂಗೆ ನೋವು ಬಂದಿರಲಿಲ್ಲ.”

“ಈಗ ಭುಜದ ನೆಪ!” ಅಳಿಯ ನಕ್ಕ.

ಡೈಲಾಗ್ ನಗಲಿಲ್ಲ. ಯಾವತ್ತೂ ಇಲ್ಲದ್ದು — ಇವತ್ತೇ ಯಾಕೆ?

ಬೆಳಗಿನ ಲೆಕ್ಕದ ಪುಸ್ತಕ ನೋಡೋಣ ಅಂತ ಅಳಿಯನ ಆಫೀಸಿನ ಕಡೆ ಹೊರಟಳು. ಹೊಸ್ತಿಲಲ್ಲೇ ಎಡವಿದಳು. ಬಾಗಿಲು ಮುಚ್ಚದ ಹಾಗೆ ಒಂದು ದಪ್ಪ ಹಲಗೆ ಅಡ್ಡ ಇತ್ತು.

“ಸಾರ್, ಇಲ್ಲಿ ಕಲ್ಲು ಇರ್ತಿತ್ತಲ್ಲ?”

“ಹಲಗೆ ಇಟ್ಟರೆ ತಪ್ಪಾ?”

“ಛೇ, ತಪ್ಪೇನಿಲ್ಲ!” ಹಲಗೆ ತಿರುಗಿಸಿ ನೋಡಿದಳು. ಸಿಳ್ಳೆ ಹಾಕಿದಳು. ಎರಡೂ ತುದೀಲಿ ಒಂದೊಂದು ಚೌಕದ ಗುಳಿ — ಹೊಸಾ ಗುಳಿ.

“ಡ್ರೈವರಣ್ಣ, ಮೇಜು ಎತ್ತು!”

ಎತ್ತರದ ಕಡೆಯ ಎರಡು ಕಬ್ಬಿಣದ ಕಾಲುಗಳ ಕೆಳಗೆ ಹಲಗೆ ತೂರಿಸಿದಳು. ಕಾಲುಗಳು ಗುಳಿಯೊಳಗೆ ಅಳತೆ ಕೊಟ್ಟು ಮಾಡಿಸಿದಂಗೆ ಕೂತವು. ಒಂದು ಬುಟ್ಟಿ ಸುರಿದಳು. ದಡದಡ ಅಂತ ಓಡಿದ ಚಿಳ್ಳೆಪಿಳ್ಳೆಗಳು ತೂತುಗಳ ಮೇಲೆ ಹಾರಿ, ಸೀದಾ ಪೆಟ್ಟಿಗೇಲಿ ಕೂತವು!

ಎಲ್ಲರೂ ಬಂದು ಪೆಟ್ಟಿಗೆಯೊಳಗೆ ಇಣುಕಿದರು.

“ಈ ಇಂಗ್ಲಿಷ್‌ನೋರು ಒಂದೇ ಪದಾನ ಎಷ್ಟು ದುಡಿಸ್ತಾರೆ ನೋಡಿ,” ಅಂದಳು ಡೈಲಾಗ್. “ಪರೀಕ್ಷೆಗೂ ಗ್ರೇಡು, ಹಣ್ಣಿಗೂ ಗ್ರೇಡು, ನೌಕರೀಗೂ ಗ್ರೇಡು. ಮೇಜು ಕೂರಿಸಿದ ಇಂಜಿನಿಯರು ಈ ಇಳಿಜಾರಿಗೂ ಗ್ರೇಡು ಅಂದಿದ್ದ. ಯಾರೋ ಇಳಿಜಾರು ಏರಿಸಿದ್ರು, ಸಣ್ಣ ಹಣ್ಣಿಗೆ ಬಡ್ತಿ ಸಿಕ್ತು! ನಾವೆಲ್ಲ ಚಿಕ್ಕಮ್ಮನ ಕಣ್ಣನ್ನ ಅನುಮಾನಿಸಿದ್ವಿ, ಅವಳ ಭುಜದ ಮಾತು ಕೇಳಲಿಲ್ಲ. ಮೇಜು ಎತ್ತರ ಆಗಿದ್ದು ಕಣ್ಣಿಗೆ ಗೊತ್ತಾಗ್ಲಿಲ್ಲ, ಬುಟ್ಟಿ ಎತ್ತೋ ಭುಜಕ್ಕೆ ಗೊತ್ತಾಯ್ತು.”

“ಯಾರು ಏರಿಸಿದ್ದು?”

“ಯಜಮಾನ್ರೇ, ಒಂದನೇ ಗ್ರೇಡಿನ ಮಾಲು ಜಾಸ್ತಿ ಮಾಡಿ ತೋರಿಸಿದ್ರೆ ಮ್ಯಾನೇಜರ್ ಮಾಡ್ತೀನಿ ಅಂತ ಯಾರಿಗೆ ಮಾತು ಕೊಟ್ಟಿದ್ರಿ? ಲೋಡು ವಾಪಸ್ ಬಂತು ಅಂದ ತಕ್ಷಣ ಹಲಗೆ ಕಿತ್ತು ಯಾರ ಬಾಗಿಲಿಗೆ ಹೋಯ್ತು?”

ಅಳಿಯನ ಬಾಯಿ ತೆರೀತು. ಮಾತು ಬರಲಿಲ್ಲ.

“ಸಾರ್, ಡೈಲಾಗ್ ಬೇಕಾದ್ರೆ ನಾನು ಬರ್ಕೊಡ್ತೀನಿ.”

ಯಜಮಾನ್ರು ಚಿಕ್ಕಮ್ಮನ ಕೈಯಿಂದ ಬುಟ್ಟಿ ತಗೊಂಡು ಅಳಿಯನ ಎದೆಗೆ ಒತ್ತಿದರು.

“ಲೋಡು ಪೂರ್ತಿ ಮತ್ತೆ ಸುರೀಬೇಕು, ಅಳಿಯಂದ್ರೇ. ಎತ್ತಿ.”

“ಹಲಗೆ ತೆಗೀಲಾ ಯಜಮಾನ್ರೇ?” ಡ್ರೈವರ್ ಬಗ್ಗಿದ.

ಚಿಕ್ಕಮ್ಮ ಭುಜ ನೀವಿಕೊಂಡಳು. “ಒಂದು ಬುಟ್ಟಿ ಆಗ್ಲಿ ತಡಿಯಪ್ಪ. ಅವರ ಭುಜಕ್ಕೂ ಗೊತ್ತಾಗ್ಲಿ.”