ಪುಟ್ಟ ಕಂಪ್ಯೂಟರ್ ಮತ್ತು ನವಿಲಿನ ಸೆರಗು

"ಹಾಡು ಬೇಡ, ಆಟಾನೂ ಬೇಡ. ಇದನ್ನ ತೆಗೀರಿ, ನೋಡೋಣ."

ಐಶ್ವರ್ಯ ಚೀಲದಿಂದ ಸಿ.ಡಿ.ಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹಾಡು ಕೇಳಿಸಲು ಹೊರಟಿದ್ದ ಓಂಕಾರಮೂರ್ತಿಯ ಕೈ ಮೌಸ್ ಮೇಲೆಯೇ ನಿಂತಿತು.

ತಲೆಯೆತ್ತಿ ನೋಡಿದ. ಅವಳ ಕಣ್ಣು ಅವನ ಮೇಲಿರಲಿಲ್ಲ. ಚಳ್ಳಕೆರೆಯ ಅವನ ಅಂಗಡಿಗೆ ಆ ವಾರವಷ್ಟೇ ಬಂದಿದ್ದ, ಟಿಫಿನ್ ಡಬ್ಬಿಗಿಂತ ತುಸು ದೊಡ್ಡದಾದ, ಅಗ್ಗದ ಕಂಪ್ಯೂಟರ್ ಮೇಲಿತ್ತು.

ಯಾಕೋ ಅವನಿಗೆ ಆ ಪೆಟ್ಟಿಗೆಯ ಮೇಲೆ ಸಣ್ಣ ಹೊಟ್ಟೆಕಿಚ್ಚಾಯಿತು...

ಅದು ಎರಡು ಸಾವಿರದ ಆರನೇ ಇಸವಿ. ಐಶ್ವರ್ಯಳ ತಂದೆ ಚಿಕ್ಕಬಸಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯಿಸುವ ವ್ಯಾಪಾರಿ. ಮಗ್ಗಕ್ಕೆ ಹೋಗುವ ಮೊದಲು ಸೀರೆಯ ಚಿತ್ತಾರವನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆಯಬೇಕು. ಅದನ್ನು ಬರೆಯುತ್ತಿದ್ದ ಏಕಾಂತಪ್ಪನವರಿಗೆ ಕಣ್ಣು ಮಂಜಾಗಿತ್ತು. ಚಿಕ್ಕಬಸಪ್ಪ ಆ ಕೆಲಸವನ್ನು ಬೆಂಗಳೂರಿನ ಯಾರಿಗೋ ಒಪ್ಪಿಸಲು ಹೊರಟಿದ್ದರು.

ತಾನೇ ಕಂಪ್ಯೂಟರಿನಲ್ಲಿ ಬರೆಯುತ್ತೇನೆಂದು ಐಶ್ವರ್ಯ ಹಟ ಹಿಡಿದಿದ್ದಳು. ಚಳ್ಳಕೆರೆಯ ಕ್ಲಾಸಿನಲ್ಲಿ ಕಲಿತು ಒಂದು ನವಿಲಿನ ಸೆರಗನ್ನೂ ಬರೆದಿದ್ದಳು. ಅಗ್ಗದ ಕಂಪ್ಯೂಟರೊಂದನ್ನು ತಂದು ಮನೆಯಲ್ಲೇ ಅದನ್ನು ತೆರೆದು ತೋರಿಸು, ಆಮೇಲೆ ನೋಡೋಣ ಎಂದು ಅಪ್ಪ ಅಂದಿದ್ದರು.

ಈಗ ಅಂಗಡಿಯ ಪರದೆಯ ಮೇಲೆ, ಸಿ.ಡಿ.ಯಲ್ಲಿದ್ದ ಸೀರೆಯ ಅಂಚಿನ ಚಿತ್ರ ತಟ್ಟನೆ ತೆರೆದುಕೊಂಡಿತು. ಅವಳ ಮುಖ ಅರಳಿತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಫ್ಯಾನ್ ಸದ್ದೇ ಇಲ್ವಲ್ಲ... ಒಳಗಿನ ಕಾವು ಎಲ್ಲಿಂದ ಹೋಗ್ತೈತೆ?"

ಎಷ್ಟು ಹಾಡು ಹಿಡಿಯುತ್ತದೆ ಎಂದು ಕೇಳುವವರನ್ನೇ ಕಂಡಿದ್ದ ಓಂಕಾರಮೂರ್ತಿಗೆ ಖುಷಿಯಾಯಿತು. ಯಂತ್ರ ಆರಿಸಿ, ಮುಚ್ಚಳ ಬಿಚ್ಚಿ, ಕಾವು ಹೀರುವ ಲೋಹದ ಪಟ್ಟಿಗಳನ್ನು ತೋರಿಸಿದ. ಅವಳು ಒಂದರ ಹಿಂದೊಂದು ಪ್ರಶ್ನೆ ಕೇಳಿದಳು. ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮತ್ತೆ ಚಾಲೂ ಮಾಡಿ ಇಡೀ ಸೆರಗು ತೆರೆದಾಗ ಮಾತ್ರ ನವಿಲುಗಳು ಅರ್ಧಕ್ಕೇ ನಿಂತವು. ಪರದೆ ಅಲುಗಾಡಲಿಲ್ಲ.

ಸಿ.ಡಿ. ಬಿಟ್ಟುಹೋಗಿ, ಪರೀಕ್ಷೆ ಮಾಡಿ ತಿಳಿಸುತ್ತೇನೆ ಎಂದು ಓಂಕಾರಮೂರ್ತಿ ಹೇಳಿದ. ಊರಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ನವಿಲಿನ ಚಿಂತೆಯ ಜೊತೆಗೆ ಅವನ ನಗುವೂ ನೆನಪಾಗುತ್ತಲೇ ಇತ್ತು.

ಎರಡು ದಿನ ಕಳೆದು ಅಪ್ಪ ಫೋನ್ ಇಟ್ಟು ಬಂದರು.

"ನಿನ್ ಕೈಲಿ ಆಗಲ್ವಂತೆ ಬಿಡವ್ವ. ಅಂಗಡಿಯವನೇ ಅಂದ."

ಐಶ್ವರ್ಯ ಕೈಯಲ್ಲಿದ್ದ ಗ್ರಾಫ್ ಹಾಳೆಯನ್ನು ಮಡಚಿಟ್ಟಳು. *ನನ್ನೆದುರು ಅಷ್ಟು ಮಾತಾಡಿದವನು... ಇದನ್ನು ನನಗೇ ಹೇಳಬಹುದಿತ್ತಲ್ಲ?*

ಮರುದಿನವೇ ಚಳ್ಳಕೆರೆಗೆ ಹೋದಳು. ಅಂಗಡಿಯಲ್ಲಿ ನಿಂತುಕೊಂಡೇ ಸಿ.ಡಿ. ವಾಪಸ್ ಕೇಳಿದಳು.

"ನನ್ ಕೈಲಿ ಆಗಲ್ಲ ಅಂತ ನಮ್ಮಪ್ಪಂಗೆ ಹೇಳಿದ್ರಂತೆ."

ಓಂಕಾರಮೂರ್ತಿ ದಂಗಾದ.

"ನಿಮ್ ಮಗಳ ಕೆಲಸ ದೊಡ್ಡದು, ಅದು ಈ ಪೆಟ್ಟಿಗೆ ಕೈಲಿ ಆಗಲ್ಲ ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯ್ತು. ಎಷ್ಟು ಸಲ ಮಾಡಿದ್ರೂ ಸಿಗ್ಲಿಲ್ಲ."

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಸೋತೆನೆಂದು ಬಿಡಲು ಮನಸ್ಸಾಗದೆ ಮೆಮೊರಿ ಹೆಚ್ಚಿಸಿದ್ದ, ಬೇಡದ ಪ್ರೋಗ್ರಾಂಗಳನ್ನೆಲ್ಲ ತೆಗೆದುಹಾಕಿದ್ದ. ನವಿಲುಗಳು ನಿಧಾನವಾಗಿ, ಆದರೆ ಪೂರ್ತಿಯಾಗಿ ಮೂಡಿದವು.

ಐಶ್ವರ್ಯಳ ಕಣ್ಣು ತುಂಬಿತು. ಇಲ್ಲಿ ಓಡಿದರೆ ಸಾಲದು, ನಿಮ್ಮ ಮನೆಯ ಕರೆಂಟಿನಲ್ಲೂ ಸೆಕೆಯಲ್ಲೂ ಓಡಬೇಕು ಎಂದು ಅವನೇ ಅಂದ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಜೊತೆಗೇ ಮೊಳಕಾಲ್ಮೂರಿನ ಬಸ್ ಹತ್ತಿದ.

ಮನೆಯ ಟಿ.ವಿ.ಯನ್ನೇ ಪರದೆ ಮಾಡಿಕೊಂಡು ಮೇಜಿನ ಮೇಲೆ ಎಲ್ಲ ಜೋಡಿಸಿದರು. ಏಕಾಂತಪ್ಪನವರೂ ಬಂದು ಕೂತರು. ನಡುಮಧ್ಯಾಹ್ನದ ಸೆಕೆಗೆ ಪೆಟ್ಟಿಗೆ ಬಿಸಿಯಾಯಿತು. ಸೆರಗು ಮಾತ್ರ ಪೂರ್ತಿ ತೆರೆದುಕೊಂಡಿತು.

ಏಕಾಂತಪ್ಪನವರು ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ, ನವಿಲಿನ ಕತ್ತು ತುಸು ಗಿಡ್ಡವಾಯಿತು ಎಂದರು. ಐಶ್ವರ್ಯ ಒಂದು ನವಿಲಿನ ಕತ್ತನ್ನು ಸರಿಪಡಿಸಿ, ಅದನ್ನೇ ಸಾಲಿಗೆಲ್ಲ ಇಳಿಸಿದಳು. ಕಂಪ್ಯೂಟರ್ ತುಸು ತಡೆಯಿತು... ನೋಡುತ್ತಿದ್ದಂತೆ ಒಂದೊಂದೇ ನವಿಲು ಕತ್ತು ಚಾಚಿತು.

"ನಾನಾಗಿದ್ರೆ ಹಾಳೆ ಪೂರ್ತಿ ಮತ್ತೆ ಬರೀಬೇಕಿತ್ತು ಕಣಯ್ಯ ಬಸಪ್ಪ," ಎಂದು ಏಕಾಂತಪ್ಪನವರು ನಕ್ಕರು.

ಎರಡು ಸೀರೆ ಒಟ್ಟಿಗೆ ತೆರೆದರೆ ಇದು ನಿಂತೇ ಹೋಗುತ್ತದೆ, ಒಂದೊಂದಾಗಿ ಮಾಡಿದರೆ ಮೋಸವಿಲ್ಲ ಎಂದು ಓಂಕಾರಮೂರ್ತಿ ಮುಚ್ಚುಮರೆಯಿಲ್ಲದೆ ಹೇಳಿದ. ಚಿಕ್ಕಬಸಪ್ಪ ಬಹಳ ಹೊತ್ತು ಮಗಳನ್ನೇ ನೋಡಿದರು. ಬೆಂಗಳೂರಿಗೆ ಇನ್ನು ಏನೂ ಕಳಿಸುವುದು ಬೇಡ ಎಂದವರೇ, ಬಂದವರಿಗೆ ಕಾಫಿ ತರಲು ಹೆಂಡತಿ ಶಿವಬಸಮ್ಮನಿಗೆ ಹೇಳಿದರು.

ಸಂಜೆ ಅವನನ್ನು ಬೀಳ್ಕೊಡಲು ಐಶ್ವರ್ಯ ಬಾಗಿಲವರೆಗೆ ಬಂದಳು.

"ಏನಾದ್ರೂ ಕೆಟ್ರೆ ಫೋನ್ ಮಾಡಿ, ಬರ್ತೀನಿ."

"ಕೆಡದಿದ್ರೆ?"

ಅವನು ಚಪ್ಪಲಿ ಮೆಟ್ಟುತ್ತಿದ್ದವನು ಹಾಗೇ ನಿಂತ.

"ಆಗ ಏನ್ ನೆಪ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ... ನಿಮ್ಮನ್ನ ನೋಡ್ತಾನೇ ಇರ್ಬೇಕು ಅನಿಸ್ತೈತೆ. ಅಷ್ಟು ಮಾತ್ರ ನಿಜ."

ಅವಳು ಕಣ್ಣು ತಗ್ಗಿಸಲಿಲ್ಲ.

"ನೆಪ ಯಾಕೆ? ನಿಮ್ಮನೇರನ್ನ ಕರ್ಕೊಂಡು ಬನ್ನಿ. ನಮ್ಮಪ್ಪಂಗೆ ಸೀದಾ ಹೇಳಿ."

"ಏನಂತ ಹೇಳ್ಲಿ?"

"ಹೆಣ್ಣು ನೋಡಕ್ಕೆ ಬಂದೀವಿ ಅಂತ."