ಮೊದಲು ಉತ್ತರ ಕೊಟ್ಟವರು

ಬೀಗ ತೆಗೆಯಲು ಬಂದವಳಿಗೆ ಬಾಗಿಲು ತೆರೆದೇ ಇತ್ತು.

ಒಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಒಬ್ಬ ಗಂಡಸು ಅವಳ ಕಂಪ್ಯೂಟರುಗಳ ಹೊಟ್ಟೆ ಬಗೆಯುತ್ತಿದ್ದ. ಪಕ್ಕದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಿತ್ತ ಹಾರ್ಡ್ ಡಿಸ್ಕುಗಳ ರಾಶಿ.

"ಯಾರ್ರೀ ನೀವು? ಗುಜರಿಯವರಾ?"

ಅವನು ತಲೆ ಎತ್ತಿದ. ಮೂಗಿನ ತುದಿಯಲ್ಲಿ ಧೂಳು. "ಹಾಗೇ ಅನ್ಕೊಳ್ಳಿ," ಎಂದವನೇ ಇನ್ನೊಂದು ಸ್ಕ್ರೂ ತಿರುಗಿಸಿದ.

ಏನು ಕೊಬ್ಬು ಇವನಿಗೆ... ಅವಳ ಮೈಯೆಲ್ಲ ಉರಿಯಿತು.

ಅದು ಹೆಂಗಸರಿಗೆ ಕೆಲಸ ಕಲಿಸುವ ಒಂದು ತರಬೇತಿ ಕೇಂದ್ರ. ಕಂಪ್ಯೂಟರ್ ಕೋಣೆಯ ಟೀಚರಮ್ಮ ಇವಳು. ಡಿಸ್ಕುಗಳು ಒಂದೊಂದಾಗಿ ಸಾಯುತ್ತಿದ್ದವು. ಹೊಸ ಯಂತ್ರ ತರಿಸಲು ಕೈ ಬಾರದ ದೊಡ್ಡ ಸಾಹೇಬರು, ಹಳೆಯದನ್ನೇ ಏಳಿಸುತ್ತೇನೆಂದ ಈ ಲಿನಕ್ಸ್ ತಂತ್ರಜ್ಞನನ್ನು ಹಿಡಿದು ತಂದಿದ್ದರು. ಇವಳಿಗೆ ಒಂದು ಮಾತು ಹೇಳುವಷ್ಟು ಸೌಜನ್ಯವೂ ಅವರಿಗಿರಲಿಲ್ಲ. ಕುರ್ಚಿ ದೊಡ್ಡದಾದಷ್ಟೂ ಕೂತವರ ಬುದ್ಧಿ ಚಿಕ್ಕದಾಗುತ್ತದೆ.

"ಡಿಸ್ಕ್ ಇಲ್ದೆ ಕಂಪ್ಯೂಟರ್ ಹೇಗ್ರೀ ಏಳುತ್ತೆ?"

"ಕೂಗುತ್ತೆ."

"ಏನು?"

"ಸ್ವಿಚ್ ಹಾಕಿದ ತಕ್ಷಣ ವೈರಿನ ಮೇಲೆ ಕೂಗುತ್ತೆ. ನನ್ನ ವಿಳಾಸ ಏನು, ನಾನು ಏನನ್ನ ಓದ್ಕೊಂಡು ಏಳ್ಲಿ ಅಂತ. ಮೂಲೇಲಿ ಇದೆಯಲ್ಲ ಸರ್ವರ್, ಅದು ಉತ್ತರ ಕೊಡುತ್ತೆ. ಯಂತ್ರ ನಡೆಸೋ ಲಿನಕ್ಸ್ ತಂತ್ರಾಂಶ ಪೂರ್ತಿ ಅಲ್ಲಿಂದಾನೇ ಬರುತ್ತೆ."

"ಓಹೋ. ಕೂಸು ಅತ್ತರೆ ತಾಯಿ ಬರೋ ಹಾಗೆ," ಎಂದು ಮೂಗು ಮುರಿದಳು.

"ಪರವಾಗಿಲ್ಲ, ಬೇಗ ಅರ್ಥ ಮಾಡ್ಕೊಂಡ್ರಿ."

ಹೊಗಳಿಕೆಯೋ, ಕುಹಕವೋ? ಕುಹಕವೆಂದೇ ತೀರ್ಮಾನಿಸಿದಳು. ತೀರ್ಮಾನಿಸುವುದರಲ್ಲಿ ಅವಳದು ಎತ್ತಿದ ಕೈ.

ಅಂದಿನಿಂದ ಅವನ ಹೆಸರು ಗುಜರಿ. ಎದುರಿಗೇ ಹಾಗೆ ಕರೆದರೂ ಅವನು 'ಹೇಳಿ ಮೇಡಂ' ಎನ್ನುತ್ತಿದ್ದ. ಮೈಮೇಲೆ ನೀರು ಸುರಿದರೂ ಒದ್ದೆಯಾಗದ ಜಾತಿ. ಆದರೂ... ಒಮ್ಮೆ ಕಪ್ಪು ಪರದೆ ಕಂಡು ವಿದ್ಯಾರ್ಥಿನಿಯೊಬ್ಬಳು ಹೆದರಿ ಕೈ ಹಿಂದೆಳೆದುಕೊಂಡಳು. ಮಾರನೆಯ ದಿನ ಯಂತ್ರ ಏಳುವಾಗ ಪರದೆಯ ಮೇಲೆ ಒಂದು ಸಾಲು ಕಾಣಿಸಿತು: 'ಹೆದರಬೇಡಿ, ಏಳ್ತಾ ಇದೀನಿ.'

ಅವಳು ನಕ್ಕಳು. ಅವನು ನೋಡುತ್ತಿದ್ದಾನೆಂದು ತಿಳಿದೊಡನೆ ಕೆಮ್ಮಿದಳು. ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಧೂಳಿನ ಮೂಗೇ ನೆನಪಾಗುತ್ತಿತ್ತು. ಛೇ, ಗುಜರಿಯವನನ್ನು ನೆನೆಸಿಕೊಳ್ಳುವಷ್ಟು ಕೆಟ್ಟೆನೇ?

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಭಾವ ಅದೇ ಕೇಂದ್ರದ ಆಫೀಸಿನಲ್ಲಿದ್ದರು. ಭಾವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ನಿಜ ಒಂದನ್ನು ಬಿಟ್ಟು.

"ನಿನ್ನ ಆ ಗುಜರಿ ಸಾಹೇಬರ ಹತ್ತಿರ ಏನು ಹೇಳಿದಾನೆ ಗೊತ್ತೇನಮ್ಮ? ಇನ್ಮೇಲೆ ಆ ಕೋಣೆಗೆ ಜನ ಬೇಕಿಲ್ಲ, ಸರ್ವರೇ ಎಲ್ಲ ನೋಡ್ಕೊಳ್ಳುತ್ತೆ ಅಂದಿದಾನೆ. ನಿನ್ನ ಕೆಲಸಕ್ಕೆ ಕಲ್ಲು ಹಾಕೋಕೆ ಬಂದಿದಾನೆ."

ಊಟದ ತಟ್ಟೆಯ ಮೇಲೆ ಕೈ ನಿಂತುಹೋಯಿತು. ಅಕ್ಕ, "ಆ ಹುಡುಗನ್ನೇ ಒಂದ್ಸಲ ಕೇಳಿ ನೋಡೇ," ಎಂದಳು. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅಕ್ಕನಿಗೊಬ್ಬಳಿಗೇ. ಅದಕ್ಕೇ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಮಾರನೆಯ ದಿನ ಇವಳು ಹಿತ್ತಾಳೆ ಕಿವಿ ಹೊತ್ತುಕೊಂಡೇ ಕೋಣೆಗೆ ಹೋದಳು. ಇಡೀ ತರಗತಿಯೆದುರು, "ಕೆಲವರು ಡಿಸ್ಕ್ ಕೀಳ್ತಾರೆ, ಕೆಲವರು ಅನ್ನದ ತಟ್ಟೇನೇ ಕಿತ್ಕೊಳ್ತಾರೆ," ಎಂದಳು.

"ಅಂದ್ರೆ?"

"ನಿಮ್ಮಂಥವರ ಹತ್ತಿರ ಮಾತಾಡೋದೇ ಅವಮಾನ."

ಅವನ ಮುಖ ಬಿಳಿಚಿಕೊಂಡಿತು. ಏನಾಯಿತೆಂದು ಬಿಡಿಸಿ ಕೇಳಬಹುದಿತ್ತು. ಆದರೆ ಅವನಿಗೂ ಜಂಬಕ್ಕೆ ಕೊರತೆಯಿರಲಿಲ್ಲ. "ಸರಿ," ಎಂದು ತಿರುಗಿದ. ಇಬ್ಬರು ಮೂರ್ಖರು ಸೇರಿದರೆ ಮೌನಕ್ಕೇನು ಬರ?

ಅದೇ ದಿನ ಅವನು ವೈಫೈ ಪಾಸ್‌ವರ್ಡ್ ಬದಲಿಸಿದ್ದ. ಅವನ ಬಾಯಿಂದ ಪಾಸ್‌ವರ್ಡ್ ಕೇಳುವುದೇ? ಅದರ ಬದಲು ಸಾಯುವುದು ಮೇಲು. ಮನೆಯಲ್ಲಿ ಬಿದ್ದಿದ್ದ ಹಳೆಯ ವೈಫೈ ಡಬ್ಬಿ ತಂದು, ತನ್ನ ಮೇಜಿನ ಕೆಳಗೆ ಕೋಣೆಯ ವೈರಿಗೆ ಸಿಕ್ಕಿಸಿ, ಕಸದ ಬುಟ್ಟಿಯ ಹಿಂದೆ ತಳ್ಳಿದಳು. ಫೋನಿಗೆ ಸಿಗ್ನಲ್ ಬಂತು. ಗೆದ್ದೆ ಅಂದುಕೊಂಡಳು.

ಸೋಮವಾರ ವಿದ್ಯಾರ್ಥಿನಿಯರ ಕೊನೆಯ ಪರೀಕ್ಷೆ. ಅದಕ್ಕೆ ಮುಂಚಿನ ಶನಿವಾರ ಅಭ್ಯಾಸಕ್ಕೆಂದು ಎಲ್ಲರೂ ಸ್ವಿಚ್ ಹಾಕಿದರು. ಅರ್ಧ ಯಂತ್ರಗಳು ಎದ್ದವು. ಉಳಿದವು ಕಪ್ಪಗೆ ಕೂತವು. ಮತ್ತೆ ಹಾಕಿದರೆ ಎದ್ದಿದ್ದವು ಮಲಗಿದವು, ಮಲಗಿದ್ದವು ಎದ್ದವು.

ಸಾಹೇಬರು ಬಂದರು. "ಸಂಜೆಯೊಳಗೆ ಸರಿಯಾಗದಿದ್ರೆ ಈ ಕೋಣೆ ಮುಚ್ಚಿಬಿಡೋಣ. ಪರೀಕ್ಷೆ ಮುಂದಿನ ವರ್ಷ ಕೊಡಲಿ ಬಿಡಿ."

ಒಂದು ವರ್ಷ ಅವರಿಗೆ ಆಕಳಿಕೆಯಷ್ಟು ಹಗುರ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಕೋಣೆ ಹೋದರೆ ಟೀಚರಮ್ಮನ ಕೆಲಸವೂ ಮುಗಿಯಿತು.

"ನನ್ನ ಸರ್ವರ್ ಸರಿಯಾಗೇ ಇದೆ," ಎಂದ ಗುಜರಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಇವಳು.

ಅವನು ಸರ್ವರಿನ ಪರದೆ ನೋಡಿದ. ಹುಬ್ಬು ಗಂಟಿಕ್ಕಿತು. "ಇಲ್ಲಿ ಇನ್ಯಾರೋ ಉತ್ತರ ಕೊಡ್ತಿದಾರೆ..." ಎಂದು ಒಂದೊಂದೇ ವೈರು ಹಿಡಿದು ಮೇಜುಗಳ ಕೆಳಗೆ ತೆವಳಿದ. ಅವಳ ಮೇಜಿನ ಬಳಿ ನಿಂತ. ಕಸದ ಬುಟ್ಟಿ ಸರಿಸಿದ.

ಡಬ್ಬಿಯ ಹಸಿರು ದೀಪ ಮಿನುಗುತ್ತಿತ್ತು.

ಅವಳು ಬುಟ್ಟಿಯತ್ತ ಒಂದು ಹೆಜ್ಜೆ ಇಟ್ಟು ನಿಂತಳು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು. ಇವನು ಬಾಯಿ ಬಿಟ್ಟರೆ...

ಅವನು ವೈರು ಕಿತ್ತು, ಡಬ್ಬಿಯನ್ನು ತನ್ನ ಚೀಲದೊಳಗೆ ಇಳಿಸಿದ. "ಒಂದು ವೈರ್ ತಪ್ಪು ಕಡೆ ಹೋಗಿತ್ತು ಸಾರ್. ಈಗ ನೋಡಿ."

ಸ್ವಿಚ್ಚುಗಳು ಬಿದ್ದವು. ಸಾಲು ಸಾಲಾಗಿ ಎಲ್ಲ ಪರದೆಗಳೂ ಹೇಳಿದವು: 'ಹೆದರಬೇಡಿ, ಏಳ್ತಾ ಇದೀನಿ.' ಸಾಹೇಬರು ತಾವೇ ಏಳಿಸಿದವರಂತೆ ತಲೆಯಾಡಿಸಿ ಹೋದರು.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಕೇಳಿದಳು. "ಯಾಕೆ ಹೇಳ್ಲಿಲ್ಲ?"

"ನಿಮ್ಮ ಡಬ್ಬೀನೂ ವಿಳಾಸ ಹಂಚೋ ಕೆಲಸಾನೇ ಮಾಡುತ್ತೆ. ಏಳೋಕೆ ಬೇಕಾದ್ದು ಮಾತ್ರ ಅದರ ಹತ್ರ ಇರಲ್ಲ. ಈ ಪೆದ್ದು ಯಂತ್ರಗಳು ಮೊದಲು ಯಾರು ಉತ್ತರ ಕೊಡ್ತಾರೋ ಅವರನ್ನೇ ನಂಬ್ತಾವೆ. ಬೈದು ಏನು ಪ್ರಯೋಜನ?"

ಅವಳಿಗೆ ಊಟದ ತಟ್ಟೆ, ಭಾವನ ಬಾಯಿ, ಅಕ್ಕನ ಮಾತು ಎಲ್ಲ ಒಟ್ಟಿಗೆ ನೆನಪಾದವು.

"ಈ ಕೋಣೆಗೆ ಜನ ಬೇಕಿಲ್ಲ ಅಂತ ಸಾಹೇಬರಿಗೆ ಹೇಳಿದ್ರಾ?"

"ದಿನಾ ಒಬ್ಬ ತಂತ್ರಜ್ಞ ಬೇಕಿಲ್ಲ, ಮೇಡಂ ಒಬ್ಬರಿದ್ರೆ ಸಾಕು ಅಂದೆ. ಯಾಕೆ?"

ತನ್ನ ಕೆಲಸವನ್ನೇ ಬಿಟ್ಟುಕೊಟ್ಟಿದ್ದ ಪೆದ್ದ. ಭಾವ ಆ ಮಾತಿನ ತಲೆ ಬಾಲ ಎರಡನ್ನೂ ಕಿತ್ತು 'ಬೇಕಿಲ್ಲ' ಒಂದನ್ನೇ ಮನೆಗೆ ತಂದಿದ್ದರು. ಅವಳ ಕಣ್ಣು ತುಂಬಿತು.

"ತಪ್ಪಾಯ್ತು. ನಿಮ್ಮನ್ನೇ ಮೊದಲು ಕೇಳ್ಬೇಕಿತ್ತು."

"ನಾನೂ ಏನಾಯ್ತು ಅಂತ ಕೇಳ್ಬಹುದಿತ್ತು. ಮುಖ ಊದಿಸ್ಕೊಂಡು ಕೂತೆ," ಎಂದು ಚೀಲ ಹೆಗಲಿಗೇರಿಸಿದ. "ಬರ್ತೀನಿ ಮೇಡಂ. ಇಲ್ಲಿ ನನ್ನ ಕೆಲಸ ಮುಗೀತು."

"ನಿಂತ್ಕೊಳ್ಳಿ. ಇನ್ನೊಂದು ವಿಷಯ ಇದೆ. ಇದನ್ನ ಬೇರೆಯವರ ಬಾಯಿಂದ ಕೇಳೋಕೆ ನನಗಿಷ್ಟ ಇಲ್ಲ... ನಿಮಗೆ ನಾನು ಇಷ್ಟಾನಾ?"

ಚೀಲ ಹೆಗಲಿಂದ ಜಾರಿತು. ಯಾವ ಮಾತಿಗೂ ಒದ್ದೆಯಾಗದವನ ಕಿವಿ ಕೆಂಪಾಯಿತು.

"ಮೊದಲನೇ ದಿನದಿಂದ."

"ಗುಜರಿ ಅಂದಾಗಿಂದ?"

"ಅದನ್ನ ಕೇಳೋಕೇ ಬೇಗ ಬರ್ತಿದ್ದೆ."

"ಅದು ಪ್ರೀತಿ ಅಲ್ಲ ಕಣ್ರೀ, ತಿರಸ್ಕಾರ."

"ಈಗ?"

ಅವಳು ಸೆರಗಿನ ತುದಿಯಿಂದ ಅವನ ಮೂಗಿನ ಧೂಳು ಒರೆಸಿದಳು. "ಈಗಲೂ ಸ್ವಲ್ಪ ಇದೆ. ಮದುವೆ ಆದ್ಮೇಲೂ ಇರುತ್ತೆ. ನಡೆಯುತ್ತಾ?"

"ನಡೆಯುತ್ತೆ. ಮನೇಲಿ ನಾನು ಬಂದು ಹೇಳ್ಲಾ?"

"ಬೇಡ, ನಾನೇ ಹೇಳ್ತೀನಿ. ಭಾವನಿಗಿಂತ ಮೊದಲು, ಅಕ್ಕನಿಗೆ."